ತರಬೇತಿಗೆ ಹೊರಟ ಮಗಳೂ, ಖಾಲಿ ಐದು ಗೆರೆಯೂ

ಕಳೆದ ವರ್ಷ ಅಡಿಕೆ ಸುಲಿಯುವ ಸಮಯ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಅಡಿಕೆ ಹೆರಕುತ್ತಾ ಕೂತಿದ್ದೆ. ಮಗಳು ಒಂದು ಕಾಗದ ಹಿಡಿದುಕೊಂಡು ಬಂದಳು. ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು.

“ಅಪ್ಪಾ, ಸೋಮವಾರದಿಂದ ಇಂಟರ್ನ್‌ಶಿಪ್ ಸುರು. ಎಂಟು ವಾರ. ಇದನ್ನು ತುಂಬಿಸಿ ಕೊಡ್ಲಿಕ್ಕುಂಟು. ನಿಮ್ಮ ಸಹಿಯೂ ಬೇಕು.”

ಸಹಿ ಹಾಕುವ ಮೊದಲು ಓದುವುದು ನನ್ನ ಅಭ್ಯಾಸ. ಸೊಸೈಟಿಯ ಸಾಲದ ಕಾಗದ ಕಲಿಸಿದ ಅಭ್ಯಾಸ ಅದು. ಹೆಸರು, ತರಗತಿ, ತರಬೇತಿಗೆ ಹೋಗುವ ಸಂಸ್ಥೆ ಎಲ್ಲ ಬರೆದಾಗಿತ್ತು. ಕೆಳಗೆ ಒಂದು ಪ್ರಶ್ನೆ: ‘ಈ ತರಬೇತಿಯಿಂದ ನೀವು ಕಲಿಯಬಯಸುವುದೇನು?’ ಉತ್ತರಕ್ಕೆ ಐದು ಗೆರೆ ಬಿಟ್ಟಿದ್ದರು. ಗೆರೆಗಳು ಖಾಲಿ. ಜತೆಗಿದ್ದ ಚೀಟಿಯಲ್ಲಿ ಮಗಳು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದಳು: ‘ಸಂಸ್ಥೆಯ ಕಾರ್ಯವೈಖರಿಯನ್ನು ಅರಿತುಕೊಳ್ಳುವುದು. ವ್ಯಾವಹಾರಿಕ ಜ್ಞಾನ ಗಳಿಸುವುದು. ಸಂವಹನ ಕೌಶಲ ವೃದ್ಧಿಸಿಕೊಳ್ಳುವುದು.’

“ಇದು ಎಲ್ಲಿಯದ್ದು?”

“ಕಳೆದ ವರ್ಷದವರ ರಿಪೋರ್ಟಿನಿಂದ ತೆಗೆದದ್ದು. ಎಲ್ಲರೂ ಹೀಗೇ ಬರೆಯುವುದಪ್ಪಾ.”

“ಎಂಟು ವಾರ ಕಳೆದ ಮೇಲೆ ಇದನ್ನು ನೀನು ಕಲಿತಿದ್ದೀಯೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ ಮಾರಾಯ್ತಿ?”

ಅವಳು ನಕ್ಕಳು. “ಸರ್ಟಿಫಿಕೇಟ್ ಸಿಗ್ತದಲ್ಲ!”

ಆ ಮಾತು ನನಗೆ ಸರೀ ನಾಟಿತು. ಯಾಕೆಂದರೆ ಅಂಥದ್ದೇ ಒಂದು ಸರ್ಟಿಫಿಕೇಟಿಗೆ ನಾನೂ ಹಿಂದೊಮ್ಮೆ ಸಹಿ ಹಾಕಿದವನು.

ಎರಡು ಕಾಗದ, ಒಂದೇ ಒಕ್ಕಣೆ

ಆ ಕತೆ ಮೊದಲು ಹೇಳಿಬಿಡುತ್ತೇನೆ. ಕೃಷಿ ಪದವಿ ಓದುವ ಮಕ್ಕಳು ಕೊನೆಯ ವರ್ಷದಲ್ಲಿ ಹಳ್ಳಿಗೆ ಬಂದು ರೈತರ ಜತೆ ಇದ್ದು ಕಲಿಯುವ ಕ್ರಮ ನಿಮಗೆಲ್ಲ ಗೊತ್ತು. 1992ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಂಧವಾ ಸಮಿತಿ ಇದಕ್ಕೆ ಶಿಫಾರಸು ಮಾಡಿತ್ತು. 2015ರಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ಹೆಸರಿನಲ್ಲಿ ಇಂಥ ತರಬೇತಿಗಳನ್ನೆಲ್ಲ ಒಂದೇ ಸೂರಿನಡಿ ತಂದರು. 2016-17ರಿಂದ ಜಾರಿಯಾದ ಪಠ್ಯಕ್ರಮದಲ್ಲಿ ಇದಕ್ಕೆ ಒಟ್ಟು 20 ವಾರ ಇಟ್ಟಿದ್ದರು. ಅದರಲ್ಲಿ 8 ವಾರ ಹಳ್ಳಿವಾಸ, 5 ವಾರ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಂಶೋಧನಾ ಕೇಂದ್ರ, 2 ವಾರ ಸಸ್ಯ ಚಿಕಿತ್ಸಾಲಯ, 3 ವಾರ ಕೃಷಿ ಆಧಾರಿತ ಉದ್ದಿಮೆ. ಉಳಿದದ್ದು ಆರಂಭದ ತಯಾರಿಗೆ ಮತ್ತು ಕೊನೆಯ ವರದಿಗೆ.

ಕಾಗದದ ಮೇಲೆ ಒಳ್ಳೆಯ ವ್ಯವಸ್ಥೆ. ತೋಟಕ್ಕೆ ಇಳಿದಾಗ ಅದು ಏನಾಗುತ್ತದೆಂಬುದು ಬೇರೆ ಮಾತು.

ಕೆಲವು ವರ್ಷಗಳ ಹಿಂದೆ ಆಟಿ ತಿಂಗಳಲ್ಲಿ ನಮ್ಮಲ್ಲಿಗೆ ಇಬ್ಬರು ಹುಡುಗರು ಬಂದರು. ಒಬ್ಬ ಕೊಪ್ಪಳ ಕಡೆಯವ. ಅಡಿಕೆ ಮರವನ್ನು ಹತ್ತಿರದಿಂದ ನೋಡಿದ್ದೇ ಆಗ. ಇನ್ನೊಬ್ಬ ದೊಡ್ಡ ಪೇಟೆಯವ, ಚುರುಕು, ಬೇಕಾದಷ್ಟು ಓದಿಕೊಂಡವ. ಇಬ್ಬರೂ ಒಳ್ಳೆಯವರೇ. ಮನೆಯವಳು ಬಡಿಸಿದ್ದನ್ನು ಉಂಡು, ನಮ್ಮ ಮಳೆಯನ್ನು ಸಹಿಸಿಕೊಂಡು ಇದ್ದರು.

ಪೇಟೆಯ ಹುಡುಗನ ಕಡತದಲ್ಲಿ ಉದ್ದೇಶ ಎಂಬಲ್ಲಿ ‘ಅಡಿಕೆ ಕೃಷಿಯ ಬಗ್ಗೆ ತಿಳಿಯುವುದು’ ಎಂದಿತ್ತು. ಕೊಪ್ಪಳದ ಹುಡುಗನ ಹತ್ತಿರ ಇದ್ದದ್ದು ನೂರು ಪುಟದ ಒಂದು ಪುಸ್ತಕ. ಮೊದಲ ಪುಟದಲ್ಲಿ ಮೂರೇ ಸಾಲು:

‘ಬೋರ್ಡೋ ದ್ರಾವಣ ನಾನೇ ತಯಾರಿಸಿ ಸರಿ ಇದೆಯೋ ಇಲ್ಲವೋ ಎಂದು ನಾನೇ ಹೇಳಬೇಕು.

ಉದುರಿದ ಕಾಯಿ ನೋಡಿ ಕೊಳೆರೋಗದ್ದೋ ಬೇರೆಯದ್ದೋ ಎಂದು ಗುರುತಿಸಬೇಕು.

ಒಂದು ಎಕ್ರೆ ತೋಟದ ವರ್ಷದ ಖರ್ಚಿನ ಲೆಕ್ಕ ಮನೆಯವರನ್ನು ಕೇಳಿ ಬರೆಯಬೇಕು.’

ಎರಡನೆಯ ಸಲ ಮದ್ದು ಬಿಡುವ ಹೊತ್ತು ಅದು. ಮಳೆ ಬಿಟ್ಟ ಎರಡು ದಿನ ನೋಡಿಕೊಂಡು ಕೆಲಸ ಸುರು ಮಾಡಿದೆವು. ಪೇಟೆಯ ಹುಡುಗ ಹೇಳಿದ ಕೆಲಸವನ್ನೆಲ್ಲ ಮಾಡಿದ. ಪೈಪು ಎಳೆದ, ನೀರು ಹೊತ್ತ, ಸುಣ್ಣ ಕಲಕಿದ. ಕೊಪ್ಪಳದವನು ಅಷ್ಟೇ ಕೆಲಸ ಮಾಡಿದ. ಆದರೆ ಪ್ರತಿ ಹಂತದಲ್ಲೂ ಅವನದ್ದೊಂದು ಪ್ರಶ್ನೆ ಇರುತ್ತಿತ್ತು. ತುತ್ತದ ನೀರನ್ನು ಸುಣ್ಣದ ನೀರಿಗೆ ಯಾಕೆ ಹೊಯ್ಯಬೇಕು, ತಿರುಗಿಸಿ ಹೊಯ್ದರೆ ಏನಾಗುತ್ತದೆ? ಕಬ್ಬಿಣದ ಪಾತ್ರೆ ಯಾಕಾಗದು? ಹೇಗೂ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇರುವಾಗ ಮತ್ತೆ ಪರೀಕ್ಷೆ ಯಾಕೆ? ‘ಸುಣ್ಣ ಎಲ್ಲ ಒಂದೇ ತರ ಇರುವುದಿಲ್ಲ, ಹಳತಾದರೆ ಶಕ್ತಿ ಕಡಿಮೆ’ ಎಂದಾಗ ತಲೆ ಆಡಿಸಿ ಬರೆದುಕೊಂಡ. ಹೊಳೆಯುವ ಕತ್ತಿಯ ಅಲುಗನ್ನು ದ್ರಾವಣದಲ್ಲಿ ಅದ್ದಿ ನೋಡುವ ಪರೀಕ್ಷೆ ನಮಗೆಲ್ಲ ಗೊತ್ತಿದ್ದದ್ದೇ. ಅಲುಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಮೂರನೆಯ ದಿನ ನಾನು ಸುಮ್ಮನೆ ದೂರ ನಿಂತೆ. ಅವನೇ ಕಲಸಿದ, ಅವನೇ ಅದ್ದಿದ, ಅಲುಗನ್ನು ಬೆಳಕಿಗೆ ಹಿಡಿದು ನೋಡಿ ಕೂಗಿದ:

“ಅಣ್ಣಾರ, ಕೆಂಪ ಆತ್ರೀ. ಸುಣ್ಣ ಸಾಲ್ದು!”

ಎಂಟು ವಾರ ಮುಗಿಯಿತು. ಹೊರಡುವ ಹಿಂದಿನ ದಿನ ಪೇಟೆಯ ಹುಡುಗನಿಗೆ, “ಬಾ, ನೀನೊಬ್ಬನೇ ಒಂದು ಬಕೆಟು ಬೋರ್ಡೋ ಮಾಡಿ ತೋರಿಸು” ಎಂದೆ. ಅವನಿಗೆ ಆಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು, “ದಿನಾ ಮಾಡಿದ್ದೆನಲ್ಲ ಅಂಕಲ್, ಆದರೂ ಕ್ರಮ ನೆನಪಾಗುತ್ತಿಲ್ಲ” ಎಂದ. ಅವನು ಕೆಲಸ ಮಾಡಿದ್ದ, ಕಲಿತಿರಲಿಲ್ಲ. ಏನನ್ನು ನೋಡಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳದ ಕಾರಣ ಕಣ್ಣೆದುರು ಆದದ್ದು ತಲೆಗೆ ಹತ್ತಿರಲಿಲ್ಲ.

ಇದರಲ್ಲಿ ಅರ್ಧ ತಪ್ಪು ನನ್ನದು. ಬಂದ ದಿನವೇ ‘ನೀನು ಏನು ಕಲಿತು ಹೋಗಬೇಕು ಅಂತ ಬಂದದ್ದು?’ ಎಂದು ನಾನು ಕೇಳಲಿಲ್ಲ. ಕೊನೆಗೆ ಇಬ್ಬರ ಕಾಗದಕ್ಕೂ ಸಹಿ ಹಾಕಿದೆ. ‘ತರಬೇತಿಯನ್ನು ತೃಪ್ತಿಕರವಾಗಿ ಪೂರೈಸಿರುತ್ತಾರೆ.’ ಎರಡಕ್ಕೂ ಒಂದೇ ಒಕ್ಕಣೆ.

ಅಪ್ಪನ ಗುರಿ, ಮಗಳ ಕಾಗದ

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಹೋಗಲಿದ್ದದ್ದು ಮಂಗಳೂರಿನ ಒಂದು ಅಡಿಕೆ ಮಂಡಿಗೆ. ಸಂಬಳ ಇಲ್ಲ. ಬಸ್ಸಿನ ದುಡ್ಡು, ಮಧ್ಯಾಹ್ನದ ಊಟ ನಮ್ಮದೇ ಖರ್ಚು. ಅದಲ್ಲದೆ ಸುಲಿಯುವ ಸಮಯದಲ್ಲಿ ಮನೆಯಲ್ಲಿ ಒಂದು ಕೈ ಕಡಿಮೆ. ಎರಡೂವರೆ ಎಕ್ರೆಯವನಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ನಾನು ಉಮೇದಿನಲ್ಲಿ ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಯಾವ ತಿಂಗಳಲ್ಲಿ ದರ ಏರುತ್ತದೆ ಎಂದು ತಿಳಿಯಬೇಕು. ನಮ್ಮ ಅಡಿಕೆಗೆ ಹೆಚ್ಚು ದರ ಸಿಗಲು ಏನು ಮಾಡಬೇಕೆಂದು ತಿಳಿಯಬೇಕು. ಕಾಳುಮೆಣಸನ್ನೂ ಅಲ್ಲೇ ಕೊಡಬಹುದೋ ಕೇಳಬೇಕು. ಐದು ಗೆರೆ ತುಂಬಿತು. ನನಗೆ ಸಮಾಧಾನವಾಯಿತು.

ಬೆಳಿಗ್ಗೆ ನೋಡಿದರೆ ಮೂರು ಸಾಲುಗಳ ಮೇಲೆ ಗೀಟು!

“ಎಂತ ಇದು?”

“ಅಪ್ಪಾ, ಇದು ನೀವು ತಿಳ್ಕೊಳ್ಬೇಕಾದ್ದು. ನಾನು ಕಲಿಬೇಕಾದ್ದಲ್ಲ. ಇದನ್ನು ನಾನು ಒಂದು ದಿವಸ ಕೇಳಿಕೊಂಡು ಬಂದರೂ ಸಾಕು. ಅದಕ್ಕೆ ಎಂಟು ವಾರ ಯಾಕೆ?”

ಸ್ವಲ್ಪ ಸಿಟ್ಟು ಬಂತು. ಹಲ್ಲುಜ್ಜಿ ಕಾಫಿ ಕುಡಿದಾಗ ಅವಳು ಹೇಳಿದ್ದು ಸರಿ ಎಂದು ಕಂಡಿತು. ಮನೆಗೆ ಬೇಕಾದ ಸುದ್ದಿ ಬೇರೆ, ಕಲಿಯುವವಳಿಗೆ ಬೇಕಾದ ವಿದ್ಯೆ ಬೇರೆ. ನಾನು ಎರಡನ್ನೂ ಒಂದೇ ಗೋಣಿಗೆ ತುಂಬಿಸಿದ್ದೆ.

“ಹಾಗಾದ್ರೆ ನೀನೇ ಹೇಳು. ನಿನಗೆ ಬರದೆ ಇರುವುದು ಯಾವುದು?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮತ್ತೆ ಹೇಳಿದಳು. “ಲೆಕ್ಕ ಬರ್ತದೆ. ಕಂಪ್ಯೂಟರ್ ಬರ್ತದೆ. ಅಪರಿಚಿತರ ಹತ್ತಿರ ಫೋನಿನಲ್ಲಿ ಮಾತಾಡ್ಲಿಕ್ಕೆ ಹೆದರಿಕೆ. ಹಿಂದಿ ಅರ್ಥ ಆಗ್ತದೆ, ಬಾಯಿ ಬರುವುದಿಲ್ಲ. ಮತ್ತೆ… ಮನೆಯಲ್ಲಿ ಇಷ್ಟು ಅಡಿಕೆ ಇದ್ದೂ ಪಟೋರ ಯಾವುದು, ಉಳ್ಳಿ ಯಾವುದು ಅಂತ ನನಗೆ ಸರಿ ಗೊತ್ತಿಲ್ಲ.”

ಕೊನೆಯ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಇಪ್ಪತ್ತು ವರ್ಷ ಈ ಜಗಲಿಯಲ್ಲೇ ಓಡಾಡಿದವಳಿಗೆ ನಾನು ಕಲಿಸಿರಲಿಲ್ಲ. ‘ನೀನು ಓದಿಕೋ, ಇದರಲ್ಲಿ ಕೈ ಹಾಕಬೇಡ’ ಎಂದು ಕಳಿಸಿದವನೂ ನಾನೇ.

ಆ ಹೊತ್ತು ಗೊತ್ತಾಯಿತು. ಕಲಿಕೆಯ ಗುರಿ ಎಲ್ಲಿಂದ ಸುರುವಾಗಬೇಕು? ‘ನನಗೆ ಇದು ಬರುವುದಿಲ್ಲ’ ಎಂಬ ಮಾತಿನಿಂದ. ಆ ಮಾತು ಕಾಲೇಜು ಬರೆದು ಕೊಡುವುದಿಲ್ಲ, ಅಪ್ಪನೂ ಬರೆದು ಕೊಡುವುದಿಲ್ಲ. ಕಲಿಯುವವರು ತಾವೇ ಹೇಳಬೇಕು.

ಅಳೆದು ನೋಡುವ ಹಾಗಿರಲಿ

ಮತ್ತೆ ಅವಳೇ ಬರೆದಳು. ನಾಲ್ಕೇ ಸಾಲು. ಐದನೆಯದನ್ನು ಖಾಲಿ ಬಿಟ್ಟಳು.

ಒಂದು: ನಾಲ್ಕನೆಯ ವಾರ ಮುಗಿಯುವುದರೊಳಗೆ ಹತ್ತು ಮಾದರಿ ಅಡಿಕೆಯನ್ನು ನಾನೇ ನೋಡಿ ದರ್ಜೆ ಹೇಳುವುದು. ಮಂಡಿಯ ಅನುಭವಿಗಳು ಹೇಳುವುದಕ್ಕೆ ಅದು ಎಷ್ಟು ಸರಿ ಹೊಂದುತ್ತದೆಂದು ಬರೆದಿಡುವುದು. ಎಂಟನೆಯ ವಾರ ಮತ್ತೊಮ್ಮೆ.

ಎರಡು: ತೂಕ, ಗೋಣಿಯ ಕಳೆತ, ಹಮಾಲಿ, ತೆರಿಗೆ ಎಲ್ಲ ಸೇರಿಸಿ ಒಂದು ಖರೀದಿ ಬಿಲ್ಲನ್ನು ಯಾರ ಸಹಾಯವೂ ಇಲ್ಲದೆ ತಯಾರಿಸುವುದು.

ಮೂರು: ವಾರಕ್ಕೆ ಎರಡಾದರೂ ಫೋನ್ ಕರೆ ಹಿಂದಿಯಲ್ಲಿ ನಾನೇ ಮಾಡುವುದು.

ನಾಲ್ಕು: ಅಡಿಕೆ ತಂದ ಕೃಷಿಕರೊಬ್ಬರಿಗೆ, ಈ ದರ ಯಾಕೆ ಬಂತು ಎಂದು ಅವರಿಗೆ ಅರ್ಥ ಆಗುವ ಹಾಗೆ ತುಳುವಿನಲ್ಲಿ ವಿವರಿಸುವುದು.

ಇದನ್ನು ಮೊದಲಿನ ‘ಕಾರ್ಯವೈಖರಿಯನ್ನು ಅರಿತುಕೊಳ್ಳುವುದು’ ಎಂಬುದರ ಪಕ್ಕ ಇಟ್ಟು ನೋಡಿ. ಅದರಲ್ಲಿ ಆಯಿತೋ ಇಲ್ಲವೋ ಎಂದು ಹೇಳುವ ದಾರಿಯೇ ಇಲ್ಲ. ಇದರಲ್ಲಿ ಹತ್ತರಲ್ಲಿ ನಾಲ್ಕೋ ಎಂಟೋ ಎಂದು ಎಣಿಸಬಹುದು. ‘ಈ ವರ್ಷ ತೋಟ ಚೆನ್ನಾಗಿ ನೋಡಿಕೊಳ್ಳುತ್ತೇನೆ’ ಎಂದರೆ ಗುರಿ ಅಲ್ಲ. ‘ಪತ್ತನಾಜೆಯ ಮೊದಲು ಮೇಲಿನ ತಟ್ಟಿನ ಬಸಿಗಾಲುವೆ ಬಿಡಿಸುತ್ತೇನೆ’ ಎಂದರೆ ಗುರಿ. ಎರಡನೆಯದು ಆಗದಿದ್ದರೆ ಮೊದಲ ಮಳೆಗೇ ಗೊತ್ತಾಗುತ್ತದೆ.

ದೊಡ್ಡ ಕಂಪೆನಿಗಳಲ್ಲೂ ಇದನ್ನೇ ಹೇಳಿಕೊಡುತ್ತಾರಂತೆ. 1981ರಲ್ಲಿ ಅಮೆರಿಕದ ಜಾರ್ಜ್ ಡೊರಾನ್ ಎಂಬವರು ಗುರಿ ಬರೆಯುವ ಬಗ್ಗೆ ಒಂದು ಸಣ್ಣ ಲೇಖನದಲ್ಲಿ ಐದು ಲಕ್ಷಣ ಹೇಳಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಯಾವುದು ಎಂದು ಖಚಿತವಾಗಿರಬೇಕು, ಅಳೆಯುವ ಹಾಗಿರಬೇಕು, ಯಾರು ಮಾಡುವುದೆಂದು ಗೊತ್ತಿರಬೇಕು, ಇರುವ ಅನುಕೂಲದಲ್ಲಿ ಆಗುವಂಥದ್ದಾಗಿರಬೇಕು, ಯಾವಾಗ ಮುಗಿಯಬೇಕೆಂದಿರಬೇಕು. ಈಗ ಮ್ಯಾನೇಜ್‌ಮೆಂಟ್ ಓದುವ ಎಲ್ಲ ಮಕ್ಕಳಿಗೂ ಇದು ಬಾಯಿಪಾಠ. ಆದರೆ ತಮ್ಮದೇ ತರಬೇತಿಯ ಕಾಗದ ತುಂಬುವಾಗ ಅದು ನೆನಪಾಗುವುದಿಲ್ಲ.

ಒಂದು ಪ್ರಶ್ನೆಯನ್ನು ಬಿಡದೆ ಹಿಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅಡಿಕೆಯವರಾದ ನಮಗೆ ಹತ್ತಿರದ ಸಾಕ್ಷಿ ಉಂಟು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಅಡಿಕೆ ಅವರಿಗೆ ಹೊಸ ಬೆಳೆ. ಕೊಳೆರೋಗ ಯಾಕೆ ಬರುತ್ತದೆ, ತಡೆಯುವುದು ಹೇಗೆ ಎಂಬುದರ ಬೆನ್ನು ಹತ್ತಿ, 1910ರಲ್ಲಿ ಅದರ ಮೇಲೆ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ನಮ್ಮ ಅಡಿಕೆ ತೋಟಗಳಿಗೆ ಬಂದ ದಾರಿ ಅದು. ‘ಭಾರತದ ಕೃಷಿಯ ಬಗ್ಗೆ ತಿಳಿಯುವುದು’ ಎಂದಷ್ಟೇ ಹೊರಟಿದ್ದರೆ ಇದು ಆಗುತ್ತಿತ್ತೋ ಏನೋ.

ಝೆರಾಕ್ಸಿನ ಎರಡು ವಾರ

ಬರೆದಿಟ್ಟ ಕೂಡಲೇ ಎಲ್ಲ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ.

ದಿನಾ ಬೆಳಿಗ್ಗೆ ಏಳಕ್ಕೆ ಹೊರಟು, ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು ನಡೆದು ಹೋಗುತ್ತಿದ್ದಳು. ಮೊದಲ ಎರಡು ವಾರ ಹಳೆಯ ಬಿಲ್ಲುಗಳನ್ನು ಜೋಡಿಸುವುದು, ಝೆರಾಕ್ಸ್ ಮಾಡಿಸಿಕೊಂಡು ಬರುವುದು, ಕಂಪ್ಯೂಟರಿಗೆ ಹಳೆ ಲೆಕ್ಕ ಹಾಕುವುದು, ಇಷ್ಟೇ. ಅಡಿಕೆಯ ರಾಶಿಯ ಹತ್ತಿರ ಕರೆಯಲೇ ಇಲ್ಲ. ಅವರಿಗೂ ಪುರುಸೊತ್ತಿಲ್ಲ. ಕಲಿಸುವುದೇ ಅವರ ಕೆಲಸ ಅಲ್ಲವಲ್ಲ. ಅವಳಿಗೆ ಬೇಜಾರು. “ಬಿಟ್ಟುಬಿಡ್ತೇನೆ ಅಪ್ಪಾ. ಸರ್ಟಿಫಿಕೇಟ್ ಹೇಗೂ ಕೊಡ್ತಾರೆ, ಎಲ್ಲರಿಗೂ ಕೊಡ್ತಾರಂತೆ” ಎಂದಳು.

ನನಗೂ ಹಾಗೇ ಅನ್ನಿಸಿತ್ತು. ಮನೆಯಲ್ಲಿ ಸುಲಿಯಲು ಬಾಕಿ ಇತ್ತು. ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು. ಬಿಡು ಎಂದು ಹೇಳಲು ಬಾಯಿ ತೆರೆದಿದ್ದೆ. ಅವಳಮ್ಮ ಅಡುಗೆಮನೆಯಿಂದಲೇ ಕೇಳಿದಳು: “ನೀನು ಬರೆದ ಆ ಕಾಗದ ಅವರಿಗೆ ತೋರಿಸಿದ್ದೀಯಾ?”

ತೋರಿಸಿರಲಿಲ್ಲ. ಕಾಲೇಜಿಗೆ ಕೊಟ್ಟಿದ್ದಳು ಅಷ್ಟೇ.

ಮರುದಿನ ಒಂದು ಪ್ರತಿ ಮಾಡಿಕೊಂಡು ಹೋಗಿ ಅಲ್ಲಿಯ ಹಿರಿಯ ರೈಟರಿಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರಂತೆ. “ಇಷ್ಟು ವರ್ಷ ಮಕ್ಕಳು ಬರ್ತಾ ಇದ್ದಾರೆ. ಅಡಿಕೆ ಕಲಿಯಬೇಕು ಅಂತ ಯಾರೂ ಹೇಳಿದ್ದಿಲ್ಲ ಮಗಾ. ನೀನು ಹೇಳದೆ ನಮಗೆ ಹೇಗೆ ಗೊತ್ತಾಗ್ಬೇಕು?” ಎಂದು ಆ ದಿನವೇ ರಾಶಿಯ ಹತ್ತಿರ ಕೂರಿಸಿದರಂತೆ. ಬೆಳಿಗ್ಗೆ ಎರಡು ಗಂಟೆ ಅಡಿಕೆ, ಮತ್ತೆ ಕಂಪ್ಯೂಟರ್ ಎಂದು ಒಪ್ಪಂದ ಆಯಿತು. ಗುರಿ ಎನ್ನುವುದು ಪೆಟ್ಟಿಗೆಯಲ್ಲಿ ಇಡುವ ಕಾಗದ ಅಲ್ಲ, ಕಲಿಸುವವರ ಕೈಗೆ ಕೊಡಬೇಕಾದದ್ದು ಎಂದು ನಮಗೆಲ್ಲ ಅಂದು ಗೊತ್ತಾಯಿತು.

ನಾಲ್ಕನೆಯ ವಾರದ ಪರೀಕ್ಷೆಯಲ್ಲಿ ಹತ್ತರಲ್ಲಿ ಮೂರು ಸರಿ. ಅತ್ತುಕೊಂಡೇ ಮನೆಗೆ ಬಂದಳು. ಎಂಟನೆಯ ವಾರ ಹತ್ತರಲ್ಲಿ ಏಳು. ಬಿಲ್ಲು ಆರನೆಯ ವಾರಕ್ಕೇ ಬಂತು. ತುಳುವಿನಲ್ಲಿ ದರ ವಿವರಿಸುವ ಕೆಲಸ ಅವಳಿಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಹಿಂದಿಯದ್ದು ಮಾತ್ರ ಅರ್ಧಕ್ಕೇ ನಿಂತಿತು. ಗುಜರಾತಿನ ಖರೀದಿದಾರರ ಜತೆ ನಾಲ್ಕೈದು ಸಲ ಮಾತಾಡಿದಳು. ದರದ ಚರ್ಚೆ ಬಂದಾಗ ಬಾಯಿ ಕಟ್ಟಿತು. ವರದಿಯಲ್ಲಿ ಅದನ್ನೂ ಇದ್ದ ಹಾಗೆ ಬರೆದಳು. ‘ಈ ಗುರಿ ಪೂರ್ತಿ ಆಗಲಿಲ್ಲ. ಕಾರಣ: ವಾರಕ್ಕೆ ಎರಡು ಕರೆ ಸಾಲದು, ದಿನಾ ಬೇಕಿತ್ತು.’ ಆಗದ್ದನ್ನು ಬರೆದರೆ ಅಂಕ ಕಡಿಮೆಯಾಗಬಹುದೆಂಬ ಹೆದರಿಕೆ ಇತ್ತು. ನಾನು ಹೇಳಿದೆ, ಮರಕ್ಕೆ ಮದ್ದು ಬಿಟ್ಟಲ್ಲಿ ಮದ್ದು ತಾಗದ ಗೊನೆ ಯಾವುದೆಂದು ಗೊತ್ತಿದ್ದರೆ ಅಲ್ಲವಾ ಮತ್ತೊಮ್ಮೆ ಬಿಡುವುದು?

ಖಾಲಿ ಬಿಟ್ಟ ಐದನೆಯ ಗೆರೆಯನ್ನು ಮೂರನೆಯ ವಾರ ತುಂಬಿಸಿದ್ದಳು: ‘ನಮ್ಮ ಮನೆಯ ಅಡಿಕೆಯನ್ನು ಮಂಡಿಯ ಕಣ್ಣಿನಿಂದ ನೋಡುವುದು.’ ಅದರ ಫಲ ನನಗೆ ಸಿಕ್ಕಿತು. ಒಂದು ಭಾನುವಾರ ನಾನು ಹೆರಕಿಟ್ಟ ಗೋಣಿಯನ್ನು ಮತ್ತೆ ಸುರಿದು ಕೂತಳು. ಒಳ್ಳೆಯದೆಂದು ನಾನು ಕಟ್ಟಿದ್ದರಲ್ಲಿ ಎರಡು ಸೇರಿನಷ್ಟು ಕರಿಗೋಟು, ಪಟೋರ ಬೇರೆ ಹಾಕಿದಳು. “ನಿಮ್ಮ ಕಣ್ಣು ಬೆಳಕು ಸಾಲದಪ್ಪಾ. ರಾತ್ರಿ ಹೆರಕಬೇಡಿ, ಹಗಲು ಹೆರಕಿ. ಸ್ವಲ್ಪವೇ ಇದ್ದರೂ ಅವರ ಕೈಗೆ ಮೊದಲು ಸಿಗುವುದು ಇದೇ. ಮತ್ತೆ ಇಡೀ ಗೋಣಿಯ ದರ ಇಳಿಯುತ್ತದೆ” ಎಂದಳು. ನಲ್ವತ್ತು ವರ್ಷದ ಅಡಿಕೆಯವನಿಗೆ ಎಂಟು ವಾರದವಳ ಪಾಠ. ನಾನು ಬರೆಸಿದ್ದ ‘ಹೆಚ್ಚು ದರ ಸಿಗಲು ಏನು ಮಾಡಬೇಕು’ ಎಂಬ ಸಾಲಿಗೆ ಗೀಟು ಹಾಕಿದ್ದಳಲ್ಲ, ಅದಕ್ಕೂ ಉತ್ತರ ಹೀಗೆ ಸಿಕ್ಕಿತು.

ಮಂಗಳೂರಲ್ಲಿ ಕಲಿಯಲು ಬೇಕಾದಷ್ಟುಂಟು

ನಮ್ಮ ಮಕ್ಕಳು ತರಬೇತಿಗೆಂದು ದೂರದ ಬೆಂಗಳೂರಿನ ಕಡೆ ಮುಖ ಮಾಡುತ್ತಾರೆ. ಹೋಗಬಾರದೆಂದಲ್ಲ. ಆದರೆ ಕೃಷಿಕರ ಮನೆಗೆ ಸಂಬಂಧಪಟ್ಟ ಎಷ್ಟೋ ಸಂಸ್ಥೆಗಳು ಮಂಗಳೂರಿನಲ್ಲೇ ಇವೆ. 1969ರಲ್ಲಿ ಸುರುವಾದ ಮೀನುಗಾರಿಕೆ ಕಾಲೇಜು ದೇಶದಲ್ಲೇ ಮೊದಲನೆಯದು. 1973ರಲ್ಲಿ ಅಡಿಕೆ ಬೆಳೆಗಾರರೇ ಕಟ್ಟಿದ ಕ್ಯಾಂಪ್ಕೋದ ಕೇಂದ್ರ ಕಚೇರಿ ಇಲ್ಲಿದೆ. 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕಿನ ಕೇಂದ್ರ ಕಚೇರಿಯೂ ಇಲ್ಲೇ. ಕುಲಶೇಖರದಲ್ಲಿ ಹಾಲು ಒಕ್ಕೂಟದ ಡೇರಿ, ಕಂಕನಾಡಿ ಕಡೆ ಕೃಷಿ ವಿಜ್ಞಾನ ಕೇಂದ್ರ, ಪಣಂಬೂರಿನಲ್ಲಿ ಬಂದರು ಮತ್ತು ಗೊಬ್ಬರದ ಕಾರ್ಖಾನೆ.

ಇಂಥ ಕಡೆ ಅವಕಾಶ ಸಿಕ್ಕಿದ ಮಗು ಏನು ಬರೆಯಬಹುದು? ಡೇರಿಗೆ ಹೋಗುವವನಾದರೆ: ‘ಹಾಲಿನ ಫ್ಯಾಟ್, ಎಸ್‌ಎನ್‌ಎಫ್ ನಾನೇ ಪರೀಕ್ಷಿಸಿ, ನಮ್ಮೂರ ಸೊಸೈಟಿಯ ಚೀಟಿಯಲ್ಲಿರುವ ದರ ಹೇಗೆ ಬಂತೆಂದು ಅಮ್ಮನಿಗೆ ಲೆಕ್ಕ ಹೇಳುತ್ತೇನೆ.’ ಬ್ಯಾಂಕಿಗಾದರೆ: ‘ಬೆಳೆಸಾಲದ ಒಂದು ಅರ್ಜಿ ಮೊದಲಿನಿಂದ ಕೊನೆಯವರೆಗೆ ಯಾವ ಮೇಜಿನಲ್ಲಿ ಎಷ್ಟು ದಿನ ನಿಲ್ಲುತ್ತದೆ, ಯಾಕೆ ಎಂದು ಗುರುತಿಸುತ್ತೇನೆ.’ ಮೀನುಗಾರಿಕೆ ಓದುವವಳಾದರೆ: ‘ಹತ್ತು ಸೆಂಟ್ಸಿನ ಒಂದು ಕೆರೆಯ ನೀರು ಪರೀಕ್ಷಿಸಿ, ಎಷ್ಟು ಮರಿ ಬಿಡಬಹುದೆಂದು ಲೆಕ್ಕ ಹಾಕಿ, ಕೆರೆಯ ಯಜಮಾನರಿಗೆ ಮನವರಿಕೆ ಮಾಡುತ್ತೇನೆ.’ ಇಂಥ ಒಂದೊಂದು ಸಾಲು ಎಂಟು ವಾರವನ್ನು ಎಳೆದುಕೊಂಡು ಹೋಗುತ್ತದೆ.

ಬರೆಯುವ ಮಕ್ಕಳಿಗೆ

ನಮ್ಮ ಅನುಭವದಿಂದ ಕಂಡದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಕ್ಕಳಿಗೆ ಓದಿ ಹೇಳಿ.

• ಹೋಗುವ ಜಾಗದ ಬಗ್ಗೆ ಮೊದಲು ಎರಡು ದಿನ ವಿಚಾರಿಸಿ. ಅಲ್ಲಿ ಆಗದ ಕೆಲಸವನ್ನು ಗುರಿ ಮಾಡಿ ಫಲವಿಲ್ಲ.

• ‘ನನಗೆ ಬರುವುದಿಲ್ಲ’ ಎಂಬ ಪಟ್ಟಿ ಮಾಡಿ. ಅದರಲ್ಲಿ ಮೂರೋ ನಾಲ್ಕೋ ಆರಿಸಿ. ಹತ್ತು ಬರೆದರೆ ಒಂದೂ ಆಗದು.

• ‘ತಿಳಿಯುವುದು’, ‘ಅರಿಯುವುದು’ ಎಂದು ಬರೆಯಬೇಡಿ. ‘ಮಾಡುವುದು’, ‘ತೋರಿಸುವುದು’, ‘ವಿವರಿಸುವುದು’ ಎಂದು ಬರೆಯಿರಿ.

• ಒಂದು ಗುರಿ ಕೈಕೆಲಸದ್ದು, ಒಂದು ಲೆಕ್ಕದ್ದು, ಒಂದಾದರೂ ನಿಮ್ಮ ಸ್ವಭಾವದ್ದು ಇರಲಿ. ಹೆದರಿಕೆ, ಸಂಕೋಚ, ಭಾಷೆ ಯಾವುದಾದರೂ ಆಗಬಹುದು.

• ಪ್ರತಿಯೊಂದಕ್ಕೂ ವಾರ ಗೊತ್ತುಮಾಡಿ. ಅರ್ಧ ದಾರಿಯಲ್ಲಿ ಒಮ್ಮೆ ಪರೀಕ್ಷೆ ಇರಲಿ.

• ಮೊದಲ ದಿನವೇ ಅಲ್ಲಿಯ ಹಿರಿಯರ ಕೈಗೆ ಪ್ರತಿ ಕೊಡಿ. ಅವರು ತಿದ್ದಿದರೆ ಒಪ್ಪಿಕೊಳ್ಳಿ.

• ದಿನಕ್ಕೆ ನಾಲ್ಕು ಸಾಲು ಬರೆಯಿರಿ. ಇವತ್ತು ಏನು ಮಾಡಿದೆ ಎಂಬುದಕ್ಕಿಂತ ಇವತ್ತು ಯಾವುದು ಅರ್ಥ ಆಗಲಿಲ್ಲ ಎಂಬುದು ಮುಖ್ಯ.

• ಒಂದು ಗೆರೆ ಖಾಲಿ ಇರಲಿ. ಅಲ್ಲಿಗೆ ಹೋದ ಮೇಲೆ ಕಾಣುವುದಕ್ಕೆ.

ನಾವು ಮಾಡಬೇಕಾದ್ದು

ಇದರಲ್ಲಿ ನಮ್ಮ ಪಾಲೂ ಉಂಟು. ಮಕ್ಕಳ ಅಪ್ಪ ಅಮ್ಮ ಆದವರು ‘ಸಂಬಳ ಎಷ್ಟು ಕೊಡ್ತಾರೆ?’ ಎಂದು ಕೇಳುತ್ತೇವೆ, ‘ಸರ್ಟಿಫಿಕೇಟ್ ಸಿಕ್ತಾ?’ ಎಂದು ಕೇಳುತ್ತೇವೆ. ‘ಮೊದಲು ಬಾರದ ಯಾವ ಕೆಲಸ ಈಗ ಬರ್ತದೆ?’ ಎಂದು ಕೇಳುವುದಿಲ್ಲ. ಇನ್ನು, ನಮಗೆ ಬೇಕಾದ್ದನ್ನು ಅವರ ಗೆರೆಯಲ್ಲಿ ಬರೆಸಲು ಹೋಗಬಾರದು. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ನಮ್ಮ ತೋಟಕ್ಕೆ ಬರುವ ವಿದ್ಯಾರ್ಥಿಗಳ ಬಗ್ಗೆಯೂ ಹಾಗೇ. ಅವರು ನಮಗೆ ಪುಕ್ಕಟೆ ಆಳು ಅಲ್ಲ, ಎರಡು ಹೊತ್ತು ಉಂಡು ಹೋಗುವ ನೆಂಟರೂ ಅಲ್ಲ. ಬಂದ ದಿನ ಕೇಳೋಣ, ಏನು ಕಲಿಯಬೇಕೆಂದು ಬಂದದ್ದು? ಉತ್ತರ ಇಲ್ಲದಿದ್ದರೆ ಗದರಿಸುವುದು ಬೇಡ. ತೋಟ ಒಂದು ಸುತ್ತು ತೋರಿಸಿ, ಸಂಜೆಯೊಳಗೆ ಮೂರು ಸಾಲು ಬರೆದು ತಾ ಎನ್ನೋಣ. ಹತ್ತು ಮರ ಅವರಿಗೇ ಎಂದು ಗುರುತು ಮಾಡಿ ಕೊಟ್ಟರೂ ಸಾಕು, ಎಂಟು ವಾರ ಅವರೇ ನೋಡಿಕೊಳ್ಳಲಿ. ಕೊನೆಯ ದಿನ ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ ತೋರಿಸಲು ಹೇಳೋಣ. ನಮ್ಮ ಸಹಿಗೂ ಒಂದು ಬೆಲೆ ಇದೆಯಷ್ಟೆ.

ಮಗಳು ಈಗ ಎಂ.ಕಾಂ.ಗೆ ಸೇರಿದ್ದಾಳೆ. ತೋಟಕ್ಕೆ ಬರುತ್ತಾಳೋ ಪೇಟೆಯಲ್ಲೇ ನಿಲ್ಲುತ್ತಾಳೋ ನಾನು ಕೇಳಲಿಲ್ಲ. ರಜೆಯಲ್ಲಿ ಬಂದಾಗ ಅಡಿಕೆ ಹೆರಕಲು ಕೂರುತ್ತಾಳೆ, ಹಗಲು ಹೊತ್ತಿನಲ್ಲಿ. ಪಕ್ಕದಲ್ಲಿ ಫೋನಿಟ್ಟುಕೊಂಡು ಹಿಂದಿ ಸುದ್ದಿ ಕೇಳಿ ಬಾಯಿಯಲ್ಲಿ ತಿರುಗಿ ಹೇಳುವುದೂ ನಡೆದಿದೆ.

ಈ ಆಟಿಯಲ್ಲಿ ನಮ್ಮಲ್ಲಿಗೆ ಮತ್ತೆ ಇಬ್ಬರು ವಿದ್ಯಾರ್ಥಿಗಳು ಬರುವವರಿದ್ದಾರೆ. ಹತ್ತು ಮರಕ್ಕೆ ಸುಣ್ಣದ ಗುರುತು ಹಾಕಿ ಇಟ್ಟಿದ್ದೇನೆ. ಜಗಲಿಯ ಮೇಜಿನಲ್ಲಿ ಎರಡು ನೂರು ಪುಟದ ಪುಸ್ತಕ, ಎರಡು ಪೆನ್ನು ತಂದಿಟ್ಟಾಗಿದೆ.